ಕಸದ ಡಬ್ಬಿ ಹೊತ್ತು ನಾಲ್ಕು ತಾಲೂಕು

ಮದುವೆ ಮನೆಯಲ್ಲಿ ಹೊಸ ಬೀಗರು ಪಕ್ಕದಲ್ಲಿ ಕುಳಿತರೆ ಮಾತು ಹೀಗೆ ಶುರುವಾಗುತ್ತಿತ್ತು.

"ಏನ್ ಉದ್ಯೋಗರಿ ನಿಮ್ದು?"

"ಡ್ರೈವರ್ ಅದೀನ್ರಿ."

"ಬಸ್ಸೋ, ಲಾರಿನೋ?"

"ಕಸದ ಡಬ್ಬಿ ಗಾಡಿರಿ."

ಅಲ್ಲಿಗೆ ಬೀಗರಿಗೆ ಬಿರಿಯಾನಿಯ ಪಾತ್ರೆ ಎಲ್ಲಿಯವರೆಗೆ ಬಂತು ಎಂದು ನೋಡುವ ನೆನಪಾಗುತ್ತಿತ್ತು. ನನಗೇನೂ ಬೇಸರವಿರಲಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಜನ ತಿಂದು ಬಿಟ್ಟದ್ದು, ಒಡೆದು ಹಾಕಿದ್ದು, ಹಳತಾಯಿತೆಂದು ಎಸೆದದ್ದು ಎಲ್ಲವನ್ನೂ ಬೆನ್ನ ಹಿಂದೆ ಹೊತ್ತು ತಿರುಗಿದವನು ನಾನು. ಯಾರ ಮನೆಯಲ್ಲಿ ಯಾವ ಗೋಡೆ ಬಿತ್ತು, ಯಾರ ಮದುವೆಯಲ್ಲಿ ಎಷ್ಟು ಅನ್ನ ಉಳಿಯಿತು ಎಂಬುದು ಆ ಬೀಗರಿಗಿಂತ ನನಗೇ ಚೆನ್ನಾಗಿ ಗೊತ್ತಿರುತ್ತಿತ್ತು.

ಡಬ್ಬಿ ಎಂದರೆ ಸಂತೆಯ ಮೂಲೆಯಲ್ಲಿ, ಮನೆ ಕಟ್ಟುವ ಜಾಗದಲ್ಲಿ ಇಟ್ಟಿರುತ್ತಾರಲ್ಲ, ಸಣ್ಣ ಕೋಣೆಯಷ್ಟು ದೊಡ್ಡ ಕಬ್ಬಿಣದ ತೊಟ್ಟಿ, ಅದು. ಕಾಗದಪತ್ರದಲ್ಲಿ ಅದಕ್ಕೆ ಕಂಟೇನರ್ ಎಂದು ಹೆಸರು. ಅದನ್ನು ಹೊರುವ ಗಾಡಿಗೆ ಹಿಂದೆ ಎರಡು ಕಬ್ಬಿಣದ ತೋಳು. ತೋಳುಗಳಿಂದ ನಾಲ್ಕು ಸರಪಳಿ ಇಳಿಬಿಟ್ಟು ಡಬ್ಬಿಯ ನಾಲ್ಕು ಕಿವಿಗೆ ಕೊಂಡಿ ಹಾಕಬೇಕು. ಗಾಡಿ ಮಗುಚದಂತೆ ಅದರ ಹಿಂಗಾಲು, ಅಂದರೆ ಹಿಂಬದಿಯ ಎರಡು ಕಬ್ಬಿಣದ ಊರುಗೋಲುಗಳನ್ನು, ನೆಲಕ್ಕೆ ಊರಬೇಕು. ಆಮೇಲೆ ತೋಳು ಎತ್ತಿದರೆ ಡಬ್ಬಿ ತೂಗಾಡುತ್ತ ಮೇಲೆ ಬಂದು ಗಾಡಿಯ ಬೆನ್ನ ಮೇಲೆ ಕೂರುತ್ತದೆ. ಹೇಳುವುದಕ್ಕೆ ಇಷ್ಟೇ. ಇಷ್ಟರಲ್ಲಿ ಎಷ್ಟು ತಪ್ಪು ಮಾಡಬಹುದು ಎಂದು ಕೇಳಿದರೆ, ನನ್ನನ್ನು ಕೇಳಬೇಕು.

ನಾನು ಸವಣೂರಿನವನು. ಅಪ್ಪನದು ಸೇವು, ಚುಡುವಾ ಕರಿಯುವ ಖಾರದ ಅಂಗಡಿ. ಅಣ್ಣಂದಿರು ಕಡಾಯಿಯ ಮುಂದೆ ಕುಳಿತರು, ನಾನು ಸ್ಟೇರಿಂಗ್ ಹಿಡಿದೆ. ಶಿಗ್ಗಾವಿಯಲ್ಲಿ ಕಸ ಸಾಗಿಸುವ ಗುತ್ತಿಗೆ ಹಿಡಿದಿದ್ದ ಒಬ್ಬ ಗೌಡರ ಕೈಕೆಳಗೆ ಸೇರಿದೆ. ಅವರ ಪೂರ್ತಿ ಹೆಸರು ಬರೆಯುವುದಿಲ್ಲ. ಅವರು ಈಗಲೂ ಗಟ್ಟಿಯಾಗಿದ್ದಾರೆ, ಇದನ್ನು ಓದಿದರೂ ಓದಿಯಾರು. ನನಗೆ ಬಡ್ತಿ ಎಂಬುದು ಬರಲಿಲ್ಲ. ಡ್ರೈವರಾಗಿ ಹತ್ತಿದೆ, ಡ್ರೈವರಾಗಿಯೇ ಇಳಿದೆ.

ಈ ವರ್ಷ ಗೌಡರ ಯಾರ್ಡಿಗೆ ಹೊಸ ಡ್ರೈವರುಗಳು ಬಂದಿದ್ದಾರೆ. ಅವರ ಕೈಗೆ ನಿಯಮಗಳ ಒಂದು ಅಚ್ಚು ಹಾಕಿದ ಹಾಳೆ ಕೊಟ್ಟಿದ್ದಾರಂತೆ. ಅದನ್ನು ಹಿಡಿದು ಇಬ್ಬರು ನಮ್ಮ ಮನೆಗೆ ಬಂದರು. "ಕಾಕಾ, ಇಷ್ಟೆಲ್ಲಾ ಮಾಡ್ಕೋತ ಕುಂತ್ರ ಗಾಡಿ ಯಾವಾಗ ಹೊಡಿಯೂದ್ರಿ?" ಎಂದು ಕೇಳಿದರು. ಕನ್ನಡಕ ಹಾಕಿಕೊಂಡು ಓದಿದೆ. ಆ ಹಾಳೆಯಲ್ಲಿ ಕಾನೂನು ಬಲ್ಲವರು ಬರೆದ ಸಾಲುಗಳಿದ್ದವು. ನನಗೆ ಮಾತ್ರ ಒಂದೊಂದು ಸಾಲಿನಲ್ಲೂ ನನ್ನದೇ ಒಂದೊಂದು ದಡ್ಡತನ ಕಂಡಿತು. ಅದನ್ನೇ ಬರೆದುಬಿಡೋಣ ಎಂದು ಕುಳಿತೆ.

ನನ್ನ ಜೊತೆ ಗಾಡಿಯಲ್ಲಿ ಇರುತ್ತಿದ್ದವಳು ಫಕೀರವ್ವ. ಹಿರೇಬೆಂಡಿಗೇರಿಯವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಕೊಂಡಿ ಹಾಕುವುದು, ಡಬ್ಬಿಯ ಸುತ್ತ ಬಿದ್ದ ಕಸ ಬಳಿಯುವುದು, ಗಾಡಿ ಹಿಂದೆ ತರುವಾಗ ದಾರಿ ತೋರಿಸುವುದು ಅವಳ ಕೆಲಸ. ನನ್ನ ತಪ್ಪನ್ನು ನಾನು ಮಾಡುವ ಮೊದಲೇ ಹೇಳುವುದೂ ಅವಳ ಕೆಲಸವೇ ಆಗಿತ್ತು, ಅದಕ್ಕೆ ಸಂಬಳವಿರಲಿಲ್ಲ.

ಮೊದಲ ವರ್ಷ ಡಬ್ಬಿಗೆ ಹೊದಿಕೆ ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೊದಿಸಬೇಕು ಎಂಬ ಕಾನೂನು ಇತ್ತು, ತಾಡಪತ್ರಿ ಇರಲಿಲ್ಲ. ಒಂದು ದಿನ ಸವಣೂರಿನ ಸಂತೆ ಮುಗಿದ ಮರುದಿನ ಬೆಳಿಗ್ಗೆ ಡಬ್ಬಿ ಎತ್ತಿಕೊಂಡು ಹೊರಟೆವು. ಮೇಲ್ಗಡೆ ಇದ್ದದ್ದು ಖಾರದ ಅಂಗಡಿಗಳ ಎಣ್ಣೆ ಹಿಡಿದ ಕಾಗದ, ವೀಳ್ಯದೆಲೆ ಕಟ್ಟುವ ಬಾಳೆಪಟ್ಟೆ, ತೆಳು ಪ್ಲಾಸ್ಟಿಕ್ ಚೀಲ. ಊರು ದಾಟಿ ಗಾಡಿ ವೇಗ ಹಿಡಿದದ್ದೇ ತಡ, ಎಲ್ಲವೂ ಹಾರಲು ಶುರುವಾದವು. ಕನ್ನಡಿಯಲ್ಲಿ ನೋಡಿದರೆ ನನ್ನ ಹಿಂದೆ ಹಕ್ಕಿಗಳ ಹಿಂಡು ಬರುತ್ತಿರುವ ಹಾಗಿತ್ತು.

"ಗಫೂರಣ್ಣಾ, ಕಸಾ ಕಡಿಮಿ ಆಕ್ಕೋಂತ ಹೊಂಟೈತ್ರಿ," ಎಂದಳು ಫಕೀರವ್ವ.

"ಆಗ್ಲಿ ಬಿಡ. ಗಾಡಿ ಹಗರ ಆಗ್ತೈತಿ."

ಹಿಂದೆ ಒಂದು ಜೀಪು ಬರುತ್ತಿತ್ತು. ಅದರ ಚಾಲಕ ಹಾರ್ನ್ ಹೊಡೆದ, ನಾನು ದಾರಿ ಬಿಟ್ಟೆ. ಜೀಪು ನನ್ನ ಮುಂದೆ ಬಂದು ಅಡ್ಡ ನಿಂತಿತು. ಇಳಿದವರು ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ದೇಸಾಯಿ ಸಾಹೇಬರು. ತೆಳ್ಳಗಿನ ದೇಹ, ಇನ್ನೂ ತೆಳ್ಳಗಿನ ದನಿ. ಬಯ್ಯುವುದು ಅವರಿಗೆ ಬರುತ್ತಿರಲಿಲ್ಲ, ಅದೇ ತೊಂದರೆ. ಬೈದವರ ಮುಂದೆ ನಾವೂ ಎರಡು ಮಾತು ಆಡಬಹುದು. ಸಾಹೇಬರು ಜೀಪಿನ ಮುಂದಿನ ಗಾಜಿಗೆ ಅಂಟಿಕೊಂಡಿದ್ದ ಎಣ್ಣೆ ಕಾಗದವೊಂದನ್ನು ಎರಡು ಬೆರಳಲ್ಲಿ ಬಿಡಿಸಿ ತಂದು ನನ್ನ ಕೈಗಿಟ್ಟರು.

"ಇದು ನಿಮ್ಮದ ಇರಬೇಕು. ದಾರ್ಯಾಗ ಬಿದ್ದಿತ್ತು."

ನಾನು ಇಸಿದುಕೊಂಡೆ. ಮತ್ತೇನು ಮಾಡಲಿ? ಅದರ ಮೇಲೆ ನಮ್ಮ ಅಂಗಡಿಯ ಹೆಸರೇ ಅಚ್ಚಾಗಿತ್ತು.

ಸಾಹೇಬರು ಒಂದೊಂದೇ ಕಾಗದ ಕೇಳಿದರು. ನೋಂದಣಿ ಪತ್ರ, ವಿಮೆ, ಗಾಡಿ ರಸ್ತೆಗೆ ಯೋಗ್ಯ ಎಂಬ ಪತ್ರ, ಹೊಗೆ ತಪಾಸಣೆಯದು, ದೊಡ್ಡ ಗಾಡಿ ಓಡಿಸುವ ನನ್ನ ಲೈಸೆನ್ಸು. ಎಲ್ಲ ಇದ್ದವು. ನಾನು ಸ್ವಲ್ಪ ಎದೆ ಉಬ್ಬಿಸಿ ನಿಂತೆ. ಅವರು ಎಲ್ಲವನ್ನೂ ಮಡಚಿ ವಾಪಸ್ ಕೊಟ್ಟು, "ಕಾಗದಾ ಎಲ್ಲಾ ಬರೋಬರಿ ಅದಾವ. ರಸ್ತೆಮ್ಯಾಲ ಬಿದ್ದಾವಲ್ಲ, ಆ ಕಾಗದಾ ಅಷ್ಟ ಉಳದಾವ," ಎಂದರು.

ದಂಡ ಬರೆದರು, ಅದು ಹೋಗಲಿ. ಜೀಪಿನ ನೆರಳಲ್ಲಿ ನಿಂತು, ನಾನೂ ಫಕೀರವ್ವನೂ ಬಂದ ದಾರಿಯಲ್ಲಿ ಹಿಂದಕ್ಕೆ ನಡೆದು ಕಾಗದ ಆರಿಸುವುದನ್ನು ನೋಡಿದರು. ಹೋಗಿ ಬರುವ ಬಸ್ಸಿನಲ್ಲೆಲ್ಲ ಸವಣೂರಿನ ಗುರುತಿನವರೇ. ಒಬ್ಬ ಕಿಟಕಿಯಿಂದ ಕೂಗಿ ಕೇಳಿದ, "ಏನ್ ಗಫೂರ, ಅಂಗಡಿ ರಸ್ತೆಕ್ಕ ಬಂತೇನೋ?"

ಗೌಡರಿಗೆ ಸುದ್ದಿ ಮುಟ್ಟಿಸಿ ತಾಡಪತ್ರಿ ಕೇಳಿದೆ. ಗೌಡರು ಕಸಕ್ಕೆ ಹೊಸ ತಾಡಪತ್ರಿ ಏಕೆ ಎಂಬ ಯೋಚನೆಯವರು. ಗೋದಾಮು ತಡಕಾಡಿ ಒಂದು ದೊಡ್ಡ ಫ್ಲೆಕ್ಸ್ ಹಾಳೆ ತಂದು ಕೊಟ್ಟರು. ಹಿಂದಿನ ದೀಪಾವಳಿಯಲ್ಲಿ ತಾಲೂಕಿನ ಜನತೆಗೆ ಶುಭಾಶಯ ಕೋರಿ ಅವರೇ ಹಾಕಿಸಿದ್ದು. ಅದರ ತುಂಬ ಕೈಮುಗಿದು ನಿಂತ ಗೌಡರು.

"ಮಾರಿ ಒಳಗ ಮಾಡಿ ಹೊದಸ್ರಿ ಮತ್ತ," ಎಂದು ನನಗೆ ಹೇಳಿದರು. ಹೊದಿಸುವವಳು ಫಕೀರವ್ವ. ಅವಳಿಗೆ ಯಾರೂ ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಚಿತ್ರ ಇದ್ದ ಕಡೆಯೇ ಮೇಲ್ಮುಖ. ನಾನು ಕ್ಯಾಬಿನ್ನಿನಲ್ಲಿದ್ದವನು ನೋಡಲೂ ಇಲ್ಲ. ಒಂದು ವಾರ ಗೌಡರು ಕೊಳೆತ ಬದನೆಕಾಯಿಯ ಮೇಲೆ ಅಂಗಾತ ಮಲಗಿ, ಕೈಮುಗಿದು ನಗುತ್ತ ನಾಲ್ಕು ತಾಲೂಕು ತಿರುಗಿದರು. ಹಾನಗಲ್ಲಿನಲ್ಲಿ ಮಾಳಿಗೆಯ ಮೇಲೆ ಶಾವಿಗೆ ಒಣಗಿಸುತ್ತಿದ್ದ ಹೆಂಗಸರು ಕೆಳಗೆ ನೋಡಿ ನಗುತ್ತಿದ್ದರು, ನನಗೆ ಕಾರಣ ತಿಳಿಯಲಿಲ್ಲ. ಎಂಟನೆಯ ದಿನ ಗೌಡರ ಬೀಗರೇ ಮಾಳಿಗೆಯಿಂದ ನೋಡಿದರು. ಅಂದು ಸಂಜೆಯೊಳಗೆ ಯಾರ್ಡಿನಲ್ಲಿದ್ದ ಎರಡೂ ಗಾಡಿಗೆ ಹೊಸ ತಾಡಪತ್ರಿ, ಅದರ ಮೇಲೆ ಹಾಕಲು ಬಲೆ, ಕಟ್ಟಲು ಹೊಸ ಹಗ್ಗ ಬಂದವು. ಸಾಹೇಬರ ದಂಡಕ್ಕೆ ಆಗದಿದ್ದದ್ದು ಬೀಗರ ಒಂದು ನಗೆಗೆ ಆಯಿತು.

ಹೊದಿಕೆ ಬಂತೆಂದು ಬುದ್ಧಿ ಬರಲಿಲ್ಲ. ಡಬ್ಬಿಯಲ್ಲಿ ಎಷ್ಟು ತುಂಬಬೇಕು ಎಂಬುದು ಮುಂದಿನ ಪಾಠ. ಅದನ್ನು ಹಿರೇಕೆರೂರಿನಲ್ಲಿ ಕಲಿತೆ.

ಅಲ್ಲಿ ಗೋವಿನಜೋಳದ ಸುಗ್ಗಿಯಲ್ಲಿ ನಮಗೆ ಬಿಡುವಿರುತ್ತಿರಲಿಲ್ಲ. ಜೋಳದ ಸಿಪ್ಪೆ, ಬೆಂಡು ಎಷ್ಟು ತುಂಬಿದರೂ ಡಬ್ಬಿ ಹಗುರ. ಅಂಚಿನ ಮೇಲೆ ಒಂದು ಮೊಳ ಗೋಪುರ ಮಾಡಿ ತುಂಬುತ್ತಿದ್ದರು, ನಾನೂ ಎತ್ತುತ್ತಿದ್ದೆ. ಅದೇ ಅಭ್ಯಾಸದಲ್ಲಿ ಒಂದು ದಿನ ಪೇಟೆಯೊಳಗಿನ ಹಳೆ ಮನೆಯೊಂದನ್ನು ಕೆಡವಿದ ಮಣ್ಣು ಎತ್ತಲು ಹೋದೆ. ಎರಡು ದಿನ ಮಳೆ ಬಿದ್ದು ಮಣ್ಣಿನ ಗೋಡೆಯೆಲ್ಲ ನೀರು ಕುಡಿದಿತ್ತು. ಡಬ್ಬಿ ಅಂಚಿನವರೆಗೆ ಒತ್ತಿ ತುಂಬಿದ್ದರು.

ಫಕೀರವ್ವ ಡಬ್ಬಿಯ ಪಕ್ಕ ಕಾಲಿನಿಂದ ಒಮ್ಮೆ ಒದ್ದು, "ಇದು ಏಳೂದಿಲ್ರಿ. ಅರ್ಧಾ ತೆಗಸ್ರಿ," ಎಂದಳು.

"ಮೊನ್ನಿ ಇದರಕಿಂತ ಎತ್ತರ ಇದ್ದದ್ದು ಎತ್ತೇನಿ."

"ಮೊನ್ನಿದು ಸಿಪ್ಪಿರಿ."

ಸಿಪ್ಪೆಗೂ ಮಣ್ಣಿಗೂ ವ್ಯತ್ಯಾಸ ಹೆಂಗಸಿನಿಂದ ಕಲಿಯಬೇಕೇ ಎಂದು ನನಗೆ ಅನ್ನಿಸಿತು. ಹಿಂಗಾಲಿನ ಕೆಳಗೆ ಹಲಗೆಯನ್ನೂ ಇಡಲಿಲ್ಲ, ಹಸಿ ನೆಲಕ್ಕೇ ಊರಿದೆ. ತೋಳು ಎತ್ತಿದೆ. ಡಬ್ಬಿ ಏಳಲಿಲ್ಲ. ಹಿಂಗಾಲು ನೆಲದೊಳಕ್ಕೆ ಇಳಿಯಿತು, ನನ್ನ ಕ್ಯಾಬಿನ್ ಎದ್ದಿತು. ಮುಂದಿನ ಗಾಲಿ ಎರಡೂ ನೆಲ ಬಿಟ್ಟು ಗಾಡಿ ಕುದುರೆಯ ಹಾಗೆ ಮುಂಗಾಲೆತ್ತಿ ನಿಂತಿತು. ಎದುರಿಗಿದ್ದ ಅಂಗಡಿ ಸಾಲು ಮಾಯವಾಗಿ ಗಾಜಿನ ತುಂಬ ಬರೀ ಮುಗಿಲು. ನಾನು ಸ್ಟೇರಿಂಗ್ ತಬ್ಬಿಕೊಂಡು ಕುಳಿತೆ. ಕೈ ಅಲುಗಿಸಲು ಧೈರ್ಯವಿಲ್ಲ.

ಕೆಳಗಿನಿಂದ ಫಕೀರವ್ವನ ದನಿ ಕೇಳಿತು. "ಗಫೂರಣ್ಣಾ, ಇಳೀತೀರೋ, ಇಲ್ಲಾ ಹಂಗ ಹಾವೇರಿಗೆ ಹೊಂಟೀರೋ?"

ಪೇಟೆ ಜನವೆಲ್ಲ ಸೇರಿದರು. ಒಬ್ಬೊಬ್ಬರದು ಒಂದೊಂದು ಸಲಹೆ. ಕೊನೆಗೆ ಫಕೀರವ್ವ ಹೇಳಿದ ಹಾಗೆ ತೋಳನ್ನು ಕೂದಲೆಳೆಯಷ್ಟಷ್ಟೇ ಇಳಿಸುತ್ತ ಬಂದೆ. ಮುಂಗಾಲು ನೆಲ ಮುಟ್ಟಿದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಡಬ್ಬಿಗೆ ಎರಡು ಅಳತೆ ಇರುತ್ತವೆ. ಒಂದು ಕಣ್ಣಿಗೆ ಕಾಣುವ ಅಂಚು, ಅದನ್ನು ದಾಟಬಾರದು. ಇನ್ನೊಂದು ಗಾಡಿಯ ನೋಂದಣಿ ಪತ್ರದಲ್ಲಿ ಬರೆದ ತೂಕ. ಇಟ್ಟಿಗೆ, ಮಣ್ಣು ತುಂಬಿದಾಗ ಆ ಎರಡನೆಯ ಅಳತೆ ಅಂಚಿಗೆ ಬರುವ ಎಷ್ಟೋ ಮೊದಲೇ ತುಂಬಿರುತ್ತದೆ. ಕಾನೂನು ಓದಿ ಇದನ್ನು ತಿಳಿದುಕೊಂಡವರು ಪುಣ್ಯವಂತರು. ನಾನು ಮುಗಿಲು ನೋಡಿ ತಿಳಿದುಕೊಂಡೆ.

ಹಾನಗಲ್ಲಿನಲ್ಲಿ ಮಾಡಿದ್ದು ಇದಕ್ಕಿಂತ ಕೆಟ್ಟದ್ದು, ಆದರೆ ಆ ಓಣಿಯವರು ಅದನ್ನು ಬೇರೆ ಕಾರಣಕ್ಕೆ ನೆನಪಿಟ್ಟುಕೊಂಡಿದ್ದಾರೆ.

ಖಾಲಿ ಡಬ್ಬಿಯನ್ನು ಒಂದು ಓಣಿಯ ತುದಿಯಲ್ಲಿ ಇಳಿಸಿ, ಕೊಂಡಿ ಬಿಚ್ಚಿ ಹೊರಟೆ. ತೋಳು ಇಳಿಸಿ ಬೀಗ ಹಾಕಿಯೇ ಗಾಡಿ ಹೊರಡಬೇಕು. ಅಂದು ನನಗೆ ಚಹಾದ ಅವಸರ. ಮೇಲೆತ್ತಿದ ತೋಳಿನೊಂದಿಗೇ ಓಣಿಯೊಳಗೆ ಬಂದೆ. ಏನೋ ಎಳೆದ ಹಾಗಾಯಿತು, ಟಪ್ಪೆಂದು ಸದ್ದಾಯಿತು. ನೋಡಿದರೆ ಮಳೆಗಾಲದ ಬಳ್ಳಿಯ ಹಾಗೆ ಟಿವಿ ಕೇಬಲ್ಲು ನನ್ನ ತೋಳಿಗೆ ಸುತ್ತಿಕೊಂಡಿದೆ. ಒಂದೊಂದೇ ಬಾಗಿಲು ತೆರೆಯಿತು. ಮಧ್ಯಾಹ್ನದ ಧಾರಾವಾಹಿಯ ಹೊತ್ತು ಅದು.

ಒಬ್ಬ ಅಜ್ಜಿ ಕೋಲೂರಿಕೊಂಡು ನೇರ ನನ್ನ ಹತ್ತಿರ ಬಂದಳು. "ಆಕಿ ಬಾಗಲಾ ತಗೀಬೇಕಂತ ಕೈ ಇಟ್ಟಿದ್ಲು. ಅಷ್ಟರಾಗ ಕಡದಿ. ಈಗ ಬಾಗಲದಾಗ ಯಾರ ನಿಂತಿದ್ರು, ನೀನ ಹೇಳಪಾ."

ನನಗೆ ಹೇಗೆ ಗೊತ್ತಿರಬೇಕು? ಗೊತ್ತಿಲ್ಲ ಅಂದರೆ ಬಿಡುವಂತೆಯೂ ಕಾಣಲಿಲ್ಲ. "ಆಕಿ ಗಂಡ ಇರಬೇಕಬೇ," ಎಂದೆ.

"ಗಂಡ ಸತ್ತು ಎರಡು ವರ್ಷ ಆತು," ಎಂದು ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ನಾನು ನಗಲು ಹೊರಟೆ. ಫಕೀರವ್ವ ನಗುತ್ತಿರಲಿಲ್ಲ. ಅವಳು ಕೇಬಲ್ಲನ್ನಲ್ಲ, ಅದರ ಮೇಲೆ ನೋಡುತ್ತಿದ್ದಳು. ಅವಳ ಬೆರಳಿನ ಗುರಿ ಹಿಡಿದು ನಾನೂ ನೋಡಿದೆ. ನನ್ನ ತೋಳಿನ ತುದಿಯಿಂದ ಒಂದು ಗೇಣು ಮೇಲೆ ಕರೆಂಟಿನ ತಂತಿ ಹಾದುಹೋಗಿತ್ತು. ಓಣಿಯ ನೆಲ ಅಲ್ಲಿ ಸ್ವಲ್ಪ ತಗ್ಗಾಗಿತ್ತು, ಅಷ್ಟೇ. ಎರಡು ಹೆಜ್ಜೆ ಮುಂದೆ ನೆಲ ಏರುತ್ತಿತ್ತು.

ಅಂದು ಚಹಾ ಕುಡಿಯಲಿಲ್ಲ. ತೋಳು ಇಳಿಸಿದ ಮೇಲೆ ಕೈಯಿಂದ ಮುಟ್ಟಿ ನೋಡಿಯೇ ಕ್ಯಾಬಿನ್ ಹತ್ತುವುದು ಅಂದಿನಿಂದ ರೂಢಿಯಾಯಿತು. ಈಗಿನ ಗಾಡಿಗಳಲ್ಲಿ ತೋಳು ಮೇಲಿದ್ದರೆ ಕ್ಯಾಬಿನ್ನಿನಲ್ಲಿ ಗಂಟೆ ಬಾರಿಸುತ್ತದೆ, ಕೆಂಪು ದೀಪ ಹತ್ತುತ್ತದೆ, ಹಿಂದೆ ಕ್ಯಾಮೆರಾ ಇದೆ. ಆದರೆ ಹೊಸಬರೇ, ಆ ಗಂಟೆಯ ತಂತಿಯನ್ನು ಕಿರಿಕಿರಿ ಎಂದು ಕಿತ್ತಿಟ್ಟವರನ್ನೂ ನಾನು ಕಂಡಿದ್ದೇನೆ. ಮುಟ್ಟಿ ನೋಡಿ. ಕೈ ಹೊಲಸಾದರೆ ತೊಳೆದುಕೊಳ್ಳಬಹುದು.

ಇಲ್ಲಿಯವರೆಗಿನದನ್ನೆಲ್ಲ ನಾನು ಮನೆಯಲ್ಲಿ ಹೇಳಿ ನಗಿಸುತ್ತೇನೆ. ಮುಂದಿನದನ್ನು ಹೆಚ್ಚು ಹೇಳಿಲ್ಲ.

ಖಾಲಿ ಡಬ್ಬಿ ಹೊತ್ತು ಹೋಗುವಾಗ ದಾರಿಯಲ್ಲಿ ಕೈ ಮಾಡಿದವರನ್ನು ನಾನು ಹತ್ತಿಸಿಕೊಳ್ಳುತ್ತಿದ್ದೆ. ಕ್ಯಾಬಿನ್ನಿನಲ್ಲಿ ಜಾಗ ಇರುತ್ತಿರಲಿಲ್ಲ, ಡಬ್ಬಿಯೊಳಗೇ ನಿಲ್ಲುತ್ತಿದ್ದರು. ದೇಸಾಯಿ ಸಾಹೇಬರು ಎರಡು ಸಲ ಹಿಡಿದು ಎಚ್ಚರಿಕೆ ಕೊಟ್ಟಿದ್ದರು. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ಒಯ್ಯಬಾರದು ಎಂಬುದು ನನಗೆ ಗೊತ್ತಿಲ್ಲದ ಕಾನೂನಲ್ಲ. ಆದರೆ ಬಿಸಿಲಲ್ಲಿ ನಡೆಯುವವರನ್ನು ಬಿಟ್ಟು ಹೋಗುವುದು ನನಗೆ ಆಗುತ್ತಿರಲಿಲ್ಲ. ಗಫೂರಣ್ಣ ಒಳ್ಳೆಯವನು ಎಂದು ಅನ್ನಿಸಿಕೊಳ್ಳುವ ಆಸೆಯೂ ಇತ್ತು, ಸುಳ್ಳು ಏಕೆ ಹೇಳಲಿ?

ಹತ್ತಿ ಬಿಡಿಸುವ ಕಾಲ. ಹಿರೇಬೆಂಡಿಗೇರಿಯ ಕಡೆ ಖಾಲಿ ಡಬ್ಬಿ ಒಯ್ಯುತ್ತಿದ್ದೆ. ಹೊಲದ ತಿರುವಿನಲ್ಲಿ ಆರು ಮಂದಿ ಹೆಂಗಸರು ಕೈ ಮಾಡಿದರು. ಕೆಲಸ ಮುಗಿಸಿ ಊರಿಗೆ ಹೊರಟವರು. ಅವರಲ್ಲಿ ಒಬ್ಬಳು ಫಕೀರವ್ವನ ತಂಗಿ ನಾಗವ್ವ.

"ನಮ್ಮ ಮಂದಿನ ಅದಾರ, ಹತ್ತಿಸ್ಕೋರಿ," ಎಂದಳು ಫಕೀರವ್ವ. ನಿಲ್ಲಿಸಿದೆ.

ಊರು ಇನ್ನೇನು ಬಂತು ಎನ್ನುವಾಗ ಒಂದು ಎಮ್ಮೆ ರಸ್ತೆಗೆ ಬಂತು. ಬ್ರೇಕ್ ಒತ್ತಿದೆ. ಎಮ್ಮೆಗೆ ಏನೂ ಆಗಲಿಲ್ಲ. ಡಬ್ಬಿ ಒಮ್ಮೆ ಜಿಗಿದು ಕುಳಿತಿತು. ಸರಪಳಿ ಸಡಿಲಾಗಿ ಮತ್ತೆ ಬಿಗಿಯಿತು. ನಾಗವ್ವ ಆಸರೆಗೆಂದು ಡಬ್ಬಿಯ ಅಂಚನ್ನು ಹಿಡಿದಿದ್ದಳು, ಸರಪಳಿ ಹಾದುಹೋಗುವ ಜಾಗದಲ್ಲೇ. ಹಿಂದಿನಿಂದ ಬಂದ ಕೂಗು ಯಾರದೆಂದು ಫಕೀರವ್ವನಿಗೆ ನೋಡದೆಯೇ ಗೊತ್ತಾಯಿತು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಜಿಗಿದಳು.

ಎಡಗೈಯ ಎರಡು ಬೆರಳು ಹೋದವು. ಶಿಗ್ಗಾವಿಯ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಹುಬ್ಬಳ್ಳಿಗೆ ಒಯ್ಯಲು ಹೇಳಿದರು. ಗೌಡರು ಕಾರು ತೆಗೆದುಕೊಂಡು ತಾವೇ ಬಂದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.

"ಹೊಲದಾಗ ಮಷೀನಿಗೆ ಕೈ ಸಿಕ್ಕಿತು ಅಂತ ಬರಸು. ಇಲ್ಲಾಂದ್ರ ನಿನ್ನ ಲೈಸೆನ್ಸ ಹೊಕ್ಕೈತಿ, ನನ್ನ ಗುತ್ತಿಗಿನೂ ಹೊಕ್ಕೈತಿ. ಖರ್ಚೆಲ್ಲಾ ನಾ ನೋಡ್ಕೊತೇನಿ, ಅದರಾಗ ಮಾತಿಲ್ಲ."

ಗೌಡರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ. ಡಾಕ್ಟರು ಬಂದು ಹೇಗಾಯಿತು ಎಂದು ಕೇಳಿದರು. ನಾಗವ್ವ ಕಣ್ಣು ಮುಚ್ಚಿಕೊಂಡಿದ್ದಳು. ಫಕೀರವ್ವ ನನ್ನ ಮುಖ ನೋಡಿದಳು. ಅಷ್ಟು ವರ್ಷ ನನಗೆ ಮೊದಲೇ ಹೇಳಿಕೊಡುತ್ತಿದ್ದವಳು ಅಂದು ಏನೂ ಹೇಳಲಿಲ್ಲ.

"ನನ್ನ ಗಾಡ್ಯಾಗ ಆತ್ರಿ," ಎಂದೆ. "ಡಬ್ಬ್ಯಾಗ ನಿಂದರಿಸಿಕೊಂಡು ಹೊಂಟಿದ್ದೆ."

ಮರುದಿನ ಪೊಲೀಸರ ಮುಂದೆ ಅದನ್ನೇ ಬರೆಸಿ, ಅಲ್ಲಿಂದ ದೇಸಾಯಿ ಸಾಹೇಬರ ಕಚೇರಿಗೆ ಹೋದೆ. ಅವರು ಕಾಗದದಿಂದ ತಲೆ ಎತ್ತಿದರು.

"ಗೌಡ್ರು ಫೋನ್ ಮಾಡಿದ್ರು. ಹೊಲದಾಗ ಆಗೈತಿ ಅಂದ್ರು."

"ಹೊಲದಾಗ ಅಲ್ರಿ ಸಾಹೇಬ್ರ." ಜೇಬಿನಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟೆ.

ಅವರು ಅದನ್ನು ಮುಟ್ಟಲಿಲ್ಲ. "ಮೊದ್ಲ ಕುಂದರ್ರಿ," ಎಂದು ಕುರ್ಚಿ ತೋರಿಸಿದರು. ನೀರು ತರಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. "ಗಾಡಿ ವಿಮಾ ದಾರ್ಯಾಗ ಹೋಗೂ ಮಂದಿಗೆ ಐತಿ. ಡಬ್ಬ್ಯಾಗ ನಿಂತಾವ್ರಿಗೆ ಇಲ್ಲ. ಆಕಿಗೆ ಏನ ಸಿಗಬೇಕೋ ಅದನ್ನ ನಿಮ್ಮ ಗೌಡ್ರ ಕೊಡಬೇಕಾಗ್ತೈತಿ. ನೀವು ಹೊಲದಾಗ ಅಂದಿದ್ರ ಆಕಿಗೆ ಕೇಳಾಕ ದಾರಿನ ಇರತಿದ್ದಿಲ್ಲ. ಅಷ್ಟು ತಿಳ್ಕೊಳ್ರಿ." ಮೂರು ತಿಂಗಳು ನನ್ನ ಲೈಸೆನ್ಸ್ ಅಮಾನತಾಯಿತು. ಅದನ್ನು ಬರೆಯುವಾಗಲೂ ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಗೌಡರು ಗೊಣಗಿದರು. ಆದರೂ ನಾಗವ್ವನಿಗೆ ಸಲ್ಲಬೇಕಾದುದನ್ನು ಕೊಟ್ಟರು, ಮನೆಗೆ ಹೋಗಿ ಕುಳಿತು ಬಂದರು. ಗುತ್ತಿಗೆಯೂ ಹೋಗಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವ ಬದಲು, "ಮೂರು ತಿಂಗಳ ಫಕೀರವ್ವನ ಕೈಯಾಗ ದುಡಿ," ಎಂದರು. ಹೀಗಾಗಿ ಬೇರೊಬ್ಬ ಡ್ರೈವರ್ ಸ್ಟೇರಿಂಗ್ ಹಿಡಿದ, ನಾನು ಕೊಂಡಿ ಹಾಕುವವನಾದೆ.

ನಾಗವ್ವನನ್ನು ನೋಡಲು ಹೋದಾಗ ಅವಳು, "ನಾವ ಹತ್ತಿದ್ವಿರಿ, ನೀವೇನ ಎತ್ತಿ ನಿಂದರಿಸಿದ್ದಿಲ್ಲ," ಎಂದು ಮಾತು ಮುಗಿಸಿ ಚಹಾ ಕೊಟ್ಟಳು. ಫಕೀರವ್ವ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಳು. ಕೆಲಸಕ್ಕೆ ಬೇಕಾದಷ್ಟೇ ಸನ್ನೆ. ನಾನು ತಾಡಪತ್ರಿಗೆ ಗಂಟು ಹಾಕುತ್ತಿದ್ದೆ, ಅವಳು ಸುಮ್ಮನೆ ಬಂದು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಇಷ್ಟು ವರ್ಷ ಕ್ಯಾಬಿನ್ನಿನಲ್ಲಿ ಕುಳಿತು ಹಾರ್ನ್ ಹೊಡೆದು ಅವಸರ ಮಾಡುತ್ತಿದ್ದೆನಲ್ಲ, ಒಂದು ಗಂಟಿಗೆ ಎಷ್ಟು ಹೊತ್ತು ಬೇಕು ಎಂಬುದು ಆಗ ಗೊತ್ತಾಯಿತು. ಎಂದಾದರೂ ಬಯ್ಯುತ್ತಾಳೆ, ಆಗ ತಲೆ ತಗ್ಗಿಸಿ ಕೇಳಿದರಾಯಿತು ಎಂದು ಕಾದೆ.

ಎರಡನೆಯ ತಿಂಗಳು ಕಳೆದಿತ್ತು. ಹಗ್ಗ ಎಳೆಯುತ್ತಿದ್ದವಳು ನನ್ನ ಕಡೆ ನೋಡದೆಯೇ ಹೇಳಿದಳು.

"ಹತ್ತಿಸ್ಕೋರಿ ಅಂದಾಕಿ ನಾನು."

ನಾನು ಹಗ್ಗದ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ಅವಳ ಸಿಟ್ಟು ನನ್ನ ಮೇಲೆ ಎಂದುಕೊಂಡೇ ಅಷ್ಟು ದಿನ ಕಳೆದಿದ್ದೆ. ಅವಳು ತನ್ನ ಮೇಲಿನ ಸಿಟ್ಟಿಗೆ ಯಾರೊಡನೆಯೂ ಮಾತಾಡದೆ ಇದ್ದಳು.

"ಬ್ರೇಕಿನ ಮ್ಯಾಲ ಕಾಲ ಇದ್ದಾಂವ ನಾನು, ಫಕೀರವ್ವ. ಬ್ಯಾಡ ಅನ್ನೂದು ನನ್ನ ಕೆಲಸಾಗಿತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಗಂಟು ನೋಡಿ, "ಇದೇನ ಗಂಟೋ, ಜಡಿಯೋ? ಬಿಚ್ಚಿ ಕಟ್ರಿ," ಎಂದಳು. ಅವಳ ಬಾಯಿಂದ ಬೈಗುಳ ಕೇಳಿ ನನಗೆ ಅಷ್ಟು ಸಮಾಧಾನ ಎಂದೂ ಆಗಿರಲಿಲ್ಲ.

ಲೈಸೆನ್ಸ್ ವಾಪಸ್ ಬಂತು. ಹಿರೇಬೆಂಡಿಗೇರಿಯ ದಾರಿಯೂ ಮತ್ತೆ ಬಂತು. ಹೊಲದ ತಿರುವಿನಲ್ಲಿ ಹೆಂಗಸರು ಎಂದಿನಂತೆ ನಡೆದು ಹೋಗುತ್ತಿದ್ದರು, ನಾಗವ್ವನೂ ಇದ್ದಳು. ಈಗ ಯಾರೂ ಕೈ ಮಾಡಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಕಾನೂನು ನನ್ನನ್ನು ತಡೆಯುತ್ತದೆ ಸರಿ, ಇವರು ನಡೆಯುವುದನ್ನು ಯಾರು ತಪ್ಪಿಸಬೇಕು? ಆ ರಸ್ತೆಯಲ್ಲಿ ಸಂಜೆ ಸರಕಾರಿ ಬಸ್ಸು ಹೋಗುತ್ತಿತ್ತು, ಆ ತಿರುವಿನಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ.

ದೇಸಾಯಿ ಸಾಹೇಬರನ್ನು ಕೇಳಿದೆ. "ಬಸ್ ನಿಂದರಸೂದು ನನ್ನ ಕೈಯಾಗಿಲ್ಲ," ಎಂದವರು ಕಾಗದ ಎಳೆದುಕೊಂಡು ಅರ್ಜಿ ಹೇಗಿರಬೇಕು ಎಂದು ತಾವೇ ಬರೆದುಕೊಟ್ಟರು. ಫಕೀರವ್ವ ಹತ್ತಿ ಹೊಲಗಳನ್ನೆಲ್ಲ ಸುತ್ತಿ ಸಹಿ, ಹೆಬ್ಬೆಟ್ಟು ಹಾಕಿಸಿದಳು. ಬಸ್ ಡಿಪೋಗೆ ನಾಲ್ಕು ಸಲ ತಿರುಗಿದೆವು. ಐದನೆಯ ಸಲ ನಾಗವ್ವ ತಾನೇ ಬಂದು ಮ್ಯಾನೇಜರ ಮೇಜಿನ ಮೇಲೆ ಅರ್ಜಿಯನ್ನು ಎಡಗೈಯಿಂದ ಇಟ್ಟಳು. ಅವರು ಆ ಕೈ ನೋಡಿದರು, ಅರ್ಜಿ ಓದಿದರು. ಒಂದು ತಿಂಗಳಲ್ಲಿ ಆ ತಿರುವಿನಲ್ಲಿ ಕೋರಿಕೆ ನಿಲುಗಡೆ ಎಂಬ ಫಲಕ ಬಂತು.

ನಾನು ಕೆಲಸ ಬಿಡುವ ಹಿಂದಿನ ವಾರ ಅದೇ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದೆ. ಹೊರಟು ಸ್ವಲ್ಪ ದೂರ ಬಂದ ಮೇಲೆ ಒಮ್ಮೆ ನಿಂತು ಸರಪಳಿ, ಕೊಂಡಿ ಮತ್ತೆ ನೋಡಬೇಕು, ಹೊರೆ ಕುಲುಕಿ ಸಡಿಲಾಗಿರುತ್ತದೆ. ನಾನು ಒಂದೊಂದೇ ಕೊಂಡಿ ಎಳೆದು ನೋಡುತ್ತಿದ್ದಾಗ ಹಿಂದಿನಿಂದ ಬಸ್ಸು ಬಂದು ನಿಂತಿತು. ಹೆಂಗಸರು ಹತ್ತಿದರು. ನಾಗವ್ವ ಕಿಟಕಿಯ ಪಕ್ಕ ಕುಳಿತು, ಮೂರು ಬೆರಳಿನ ಕೈಯನ್ನು ಹೊರಗೆ ಚಾಚಿ ನನ್ನನ್ನು ಕರೆದಳು.

"ಬರ್ರಿ ಗಫೂರಣ್ಣಾ, ಹತ್ರಿ. ನಮ್ಮ ಗಾಡ್ಯಾಗ ಮಂದಿ ಕುಂದ್ರಾಕ ಕಾನೂನೈತಿ."

ಬಸ್ಸಿನ ತುಂಬ ನಗು. ನಾನು ಕೊಂಡಿ ಹಿಡಿದು ನಿಂತೆ. ಗಾಡಿಯ ಆಚೆ ಬದಿಯಲ್ಲಿ ಹಗ್ಗ ಬಿಗಿಯುತ್ತಿದ್ದ ಫಕೀರವ್ವ ಕತ್ತು ಚಾಚಿ ನೋಡಿದಳು.

"ಹೋಗ್ರಿ, ಹೋಗಿ ಕುಂದರ್ರಿ," ಎಂದಳು. "ಡಬ್ಬಿ ನಾ ತರ್ತೇನಿ."